ಎರಡು ಸಲ ನೋಡಿ ಬಂದ ಬಾರ್ನ್ ಮನೆ

ಇಂಗ್ಲೆಂಡಿನ ನಾರ್ಫೋಕ್‌ನ ಉತ್ತರ ಕರಾವಳಿಯಲ್ಲಿ ಮಾರಾಟಕ್ಕಿರುವ ಒಂದು ಬಾರ್ನ್ ಮನೆಯನ್ನು, ಅಂದರೆ ಹಳೆಯ ಬಾರ್ನ್ ಅನ್ನೇ ಮನೆ ಮಾಡಿದ್ದನ್ನು, ಈ ತಿಂಗಳು ಎರಡು ಸಲ ನೋಡಿ ಬಂದೆವು. ಮೊದಲ ಸಲ ಒಳ್ಳೆ ಬಿಸಿಲಿತ್ತು. ಎರಡನೇ ಸಲ ಬೇಕೆಂದೇ ಮಳೆಯ ದಿನ ಹೋದೆವು. ಇಂಥ ಮನೆ ನೋಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಳೆಯಲ್ಲಿ ಒಮ್ಮೆ ನೋಡದೆ ಮಾತು ಕೊಡಬೇಡಿ.

ಬಾರ್ನ್ ಅಂದರೆ ದನದ ಕೊಟ್ಟಿಗೆ ಅಂತ ನಾನೂ ಅಂದುಕೊಂಡಿದ್ದೆ. ಇದು ಒಕ್ಕಣೆಯ ಬಾರ್ನ್. ಕಣವೂ ಕಣಜವೂ ಒಂದೇ ಸೂರಿನ ಕೆಳಗೆ. ಮಧ್ಯದಲ್ಲಿ ಎದುರುಬದುರಾಗಿ ಎರಡು ದೊಡ್ಡ ಬಾಗಿಲು, ಒಂದು ತೆಂಕಕ್ಕೆ, ಒಂದು ಬಡಗಕ್ಕೆ. ತೆನೆ ತುಂಬಿದ ಗಾಡಿ ಒಂದರಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುತ್ತಿತ್ತು. ಕಾಳು ತೂರುವಾಗ ಎರಡನ್ನೂ ತೆರೆದರೆ ಗಾಳಿ ಹಾಯ್ದು ಹೊಟ್ಟು ಹಾರಿಹೋಗುತ್ತಿತ್ತು. ಅಪ್ಪ ಮೊರ ಹಿಡಿದು ಗಾಳಿಗಾಗಿ ಕಾಯುತ್ತಿದ್ದುದು ನೆನಪಾಯಿತು. ಇಲ್ಲಿಯವರು ಗಾಳಿಗೆಂದೇ ಬಾಗಿಲು ಕಟ್ಟಿಕೊಂಡಿದ್ದರು.

ಮನೆ ಮಾಡಿದವರು ಆ ಎರಡು ಬಾಗಿಲನ್ನು ಹಾಗೇ ಉಳಿಸಿಕೊಂಡು ಪೂರ್ತಿ ಗಾಜು ಹಾಕಿದ್ದಾರೆ. ನಡುವಿನ ಅಂಕಣ ನೆಲದಿಂದ ಸೂರಿನ ತುದಿಯವರೆಗೆ ಖಾಲಿ. ಅಟ್ಟ ಹಾಕಿ ಇನ್ನೊಂದು ಕೋಣೆ ಹೊಡೆಯುವ ಆಸೆಯನ್ನು ತಡೆದುಕೊಂಡಿದ್ದಾರೆ. ಇದೇ ಈ ಮನೆಯ ದೊಡ್ಡ ಗುಣ. ಒಳಗೆ ನಿಂತು ತಲೆ ಎತ್ತಿದರೆ ಓಕ್ ತೊಲೆಗಳು, ಅವುಗಳ ಕೂಡುಗಳಲ್ಲಿ ಮರದ ಬೆಣೆಗಳು. ಕೂಡುಗಳ ಪಕ್ಕದಲ್ಲಿ ಉಳಿಯಿಂದ ಕೊರೆದ ಗೆರೆಗಳಿವೆ. ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಮೇಲೇರಿಸುವಾಗ ಯಾವುದಕ್ಕೆ ಯಾವುದು ಅಂತ ಗೊತ್ತಾಗಲು ಬಡಗಿಗಳು ಹಾಕಿದ ರೋಮನ್ ಅಂಕಿಗಳು ಅವು. ನಮ್ಮ ಮಗಳು ಏಳನ್ನು ಹುಡುಕಿ ಹಿಡಿದಳು. ಆರು ಸಿಗಲೇ ಇಲ್ಲ.

ಗೋಡೆಯಲ್ಲಿ ಉದ್ದಕ್ಕೂ ಸಣ್ಣ ಸೀಳುಗಳಿವೆ. ಹೊರಗೆ ಕಿರಿದು, ಒಳಗೆ ಅಗಲ. ಧಾನ್ಯ ಬೂಸ್ಟು ಹಿಡಿಯದಿರಲಿ ಅಂತ ಬಿಟ್ಟ ಗಾಳಿಕಂಡಿಗಳು. ಈಗ ಅವಕ್ಕೂ ಗಾಜು. ಮಧ್ಯಾಹ್ನ ಮೂರರ ಹೊತ್ತಿಗೆ ನೆಲದ ಮೇಲೆ ಬೆಳಕಿನ ಪಟ್ಟಿಗಳು ಬಿದ್ದಿದ್ದವು. ಮೂಡಣ ಗೋಡೆಯ ತುದಿಯಲ್ಲಿ ಗೂಬೆಗೆ ಅಂತಲೇ ಒಂದು ಕಿಂಡಿ ಇದೆ. ಇಲಿ ಹಿಡಿಯಲಿ ಅಂತ ರೈತರು ಬಿಡುತ್ತಿದ್ದರು. ಈಗ ಅದರ ಹಿಂದೆ ಗೂಡಿನ ಪೆಟ್ಟಿಗೆ ಇಟ್ಟಿದ್ದಾರೆ. ಮರಿ ಇರುವಾಗ ಬಾರ್ನ್ ಗೂಬೆಗೆ ತೊಂದರೆ ಕೊಟ್ಟರೆ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಾವಲಿಗೂ ರಕ್ಷಣೆ ಇದೆ. ಇದೇ ಕರಾವಳಿಯಲ್ಲಿ 1581ರಲ್ಲಿ ಕಟ್ಟಿದ ಪಾಸ್ಟನ್ ಗ್ರೇಟ್ ಬಾರ್ನ್ ಇವತ್ತಿಗೂ ಅಪರೂಪದ ಬಾರ್ಬಸ್ಟೆಲ್ ಬಾವಲಿಗಳು ಮರಿ ಹಾಕುವ ಜಾಗ. ಆದ್ದರಿಂದ ಸೂರಿನ ಕೆಲಸ ಮಾಡಿಸುವ ಮೊದಲು ಬಾವಲಿ ಸಮೀಕ್ಷೆ ಬೇಕಾಗಬಹುದು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದಿರಿ.

ಇನ್ನು ಮಳೆಯ ದಿನಕ್ಕೆ ಬರುತ್ತೇನೆ.

ಈ ಕಡೆಯ ಗೋಡೆಗಳು ಫ್ಲಿಂಟ್ ಕಲ್ಲಿನವು. ಮೂಲೆಗಳಿಗೆ ಮಾತ್ರ ಮೆತ್ತನೆಯ ಕೆಂಪು ಇಟ್ಟಿಗೆ. ಫ್ಲಿಂಟ್ ಗಾಜಿನಂಥ ಕಲ್ಲು, ನೀರು ಕುಡಿಯುವುದಿಲ್ಲ. ಗೋಡೆಯೊಳಗೆ ಸೇರಿದ ತೇವ ಹೊರಗೆ ಬರಬೇಕಾದರೆ ಸಂದಿನ ಗಾರೆಯೇ ದಾರಿ. ಸುಣ್ಣದ ಗಾರೆಯಾದರೆ ಅದು ಉಸಿರಾಡುತ್ತದೆ. ಪಡುವಣ ಗೋಡೆಯ ಸಂದುಗಳಿಗೆ ಯಾರೋ ಸಿಮೆಂಟ್ ಮೆತ್ತಿದ್ದಾರೆ. ಇಲ್ಲಿ ಮಳೆಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಅಂದರೆ ಜಾಸ್ತಿ ನೆನೆಯುವ ಗೋಡೆಯೇ ಉಸಿರುಕಟ್ಟಿ ನಿಂತಿದೆ. ನೀರಿಗೆ ಉಳಿದ ದಾರಿ ಮೂಲೆಯ ಇಟ್ಟಿಗೆ. ಅದರ ಮುಖ ಪದರ ಪದರವಾಗಿ ಎದ್ದು, ಕೆಳಗೆ ಹುಲ್ಲಿನ ಮೇಲೆ ಕೆಂಪು ಪುಡಿ ಉದುರಿತ್ತು. ಬಿಸಿಲಿನ ದಿನ ನಾವು ಅದರ ಪಕ್ಕದಲ್ಲೇ ನಿಂತು ಕಡಲು ನೋಡಿದ್ದೆವು. ಕಣ್ಣಿಗೆ ಬಿದ್ದಿರಲಿಲ್ಲ.

ಆ ಗೋಡೆಯ ಒಳಬದಿಯಲ್ಲಿ ಕೆಳಗಿನ ಮಲಗುವ ಕೋಣೆ ಇದೆ. ಅತ್ತೆಯವರಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾರರು. ಈ ಮನೆ ಬೇಕು ಅನ್ನಿಸಿದ್ದಕ್ಕೆ ಅರ್ಧ ಕಾರಣ ಆ ಕೋಣೆಯೇ. ಮಂಚವನ್ನು ಸ್ವಲ್ಪ ಸರಿಸಿ ನೋಡಿದೆ. ಮೊಣಕಾಲೆತ್ತರಕ್ಕೆ ಕಂದು ಕಲೆ, ಮುಟ್ಟಿದರೆ ತಣ್ಣಗೆ ಅಂಟುತ್ತದೆ. ಹಿಂದೆ ಈ ತುದಿಯಲ್ಲಿ ದನ ಕಟ್ಟುತ್ತಿದ್ದರಂತೆ. ಗಂಜಲ, ಸಗಣಿಯ ಉಪ್ಪು ಗೋಡೆಗೆ ಇಳಿದಿದ್ದರೆ ಅದು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಹೊರಗಿನ ಸಿಮೆಂಟ್ ತೆಗೆಸಿದರೂ ಕಲೆ ಮತ್ತೆ ಬರಬಹುದು. ಬಣ್ಣ ಬಳಿದು ಮುಚ್ಚಿದರೆ ಪ್ರಯೋಜನವಿಲ್ಲ. ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ತುಂಬಬೇಕು, ಒಳಗಿನ ಗಿಲಾವನ್ನೂ ತೆಗೆದು ಹೊಸದಾಗಿ ಸುಣ್ಣದಲ್ಲೇ ಮಾಡಿಸಬೇಕು. ಆಮೇಲೆ ಒಣಗಲು ತಿಂಗಳುಗಟ್ಟಲೆ ಬಿಡಬೇಕು. ಅವಸರ ಇರುವವರಿಗೆ ಈ ಮನೆ ಅಲ್ಲ.

ಕಾಗದದ ವಿಷಯದಲ್ಲಿ ಇನ್ನೊಂದು ಕೊರತೆ ಇದೆ. ಮನೆ ಕಾಪಾಡಬೇಕಾದ ಹಳೆಯ ಕಟ್ಟಡಗಳ ಪಟ್ಟಿಯಲ್ಲಿದೆ, ಗ್ರೇಡ್ ಟು ಅನ್ನುವ ದರ್ಜೆ. ಒಪ್ಪಿಗೆ ಇಲ್ಲದೆ ಅದರ ರೂಪ ಬದಲಿಸುವುದು 1990ರ ಕಾಯ್ದೆಯಂತೆ ಅಪರಾಧ. ತೆಂಕಣ ಸೂರಿನಲ್ಲಿ ಎರಡು ಗಾಜಿನ ಕಿಟಕಿಗಳಿವೆ. ಒಂದಕ್ಕೆ ಒಪ್ಪಿಗೆ ಪತ್ರ ಇದೆ. ಇನ್ನೊಂದಕ್ಕೆ ಕೇಳಿದರೆ ಏಜೆಂಟ್ ಹುಡುಗ 'ಹುಡುಕಿ ಹೇಳುತ್ತೇನೆ' ಅಂದವನು ಹತ್ತು ದಿನವಾದರೂ ಹೇಳಿಲ್ಲ. ತಪ್ಪು ಮಾಡಿದವರು ಮಾರಿ ಹೋದರೂ, ಸರಿಪಡಿಸಿ ಅಂತ ನೋಟಿಸ್ ಬರುವುದು ಈಗಿನ ಮಾಲೀಕರಿಗೆ. ಅದಕ್ಕೆ ಕಾಲಮಿತಿಯೂ ಇಲ್ಲ. ಏಜೆಂಟ್ ಮಾರುವವರ ಪರ ಕೆಲಸ ಮಾಡುವವನು, ಅದನ್ನು ಮರೆಯಬಾರದು.

ಸಣ್ಣಪುಟ್ಟವು: ಹಳ್ಳಿಗೆ ಗ್ಯಾಸ್ ಲೈನ್ ಇಲ್ಲ, ಎಣ್ಣೆ ಬಾಯ್ಲರ್. ನೆಲದಡಿಯ ಬಿಸಿನೀರ ಕೊಳವೆಗಳಿಂದ ಪಾದ ಬೆಚ್ಚಗಿತ್ತು, ಆದರೆ ಅಷ್ಟೆತ್ತರದ ನಡುಮನೆ ಕಾಯಲು ಹೊತ್ತು ಹಿಡಿಯುತ್ತದೆ. ಹೊರಗಿನ ಸ್ಟೀಲ್ ಕಟಾಂಜನದ ಮೇಲೆ ಆಗಲೇ ಕಂದು ಚುಕ್ಕೆಗಳು. ಕಡಲ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲ್ ಸಾಲದು, ಮಾಲಿಬ್ಡಿನಮ್ ಇರುವ 316 ದರ್ಜೆಯದನ್ನು ಹಾಕಿಸಬೇಕಿತ್ತು. ಸೆಪ್ಟಿಕ್ ಟ್ಯಾಂಕಿನ ನೀರನ್ನು 2020ರ ಜನವರಿಯಿಂದ ನೇರ ಹಳ್ಳಕ್ಕೆ ಬಿಡುವ ಹಾಗಿಲ್ಲ. ಇಲ್ಲಿ ನೆಲಕ್ಕೆ ಇಂಗಿಸಿದ್ದಾರೆ, ಚಿಂತೆಯಿಲ್ಲ.

ಕಡಲಿನ ಭಯ? ಇದೇ ಜಿಲ್ಲೆಯ ಹೇಸ್‌ಬರೋದಲ್ಲಿ ಮಣ್ಣಿನ ದಂಡೆ ಕುಸಿದು ಮನೆಗಳೇ ಹೋಗಿವೆ. ನಾವು ನೋಡಿದ ಕಡೆ ದಂಡೆ ಇಲ್ಲ, ಉಪ್ಪುನೀರಿನ ಜೌಗು ಇದೆ. ಅಲೆಯ ಪೆಟ್ಟನ್ನು ಅದೇ ತಗ್ಗಿಸುತ್ತದೆ. ಆದರೂ 1953ರ ಜನವರಿ 31ರ ರಾತ್ರಿ ಈ ಕರಾವಳಿ ಮುಳುಗಿತ್ತು. 2013ರ ಡಿಸೆಂಬರ್ 5ರಂದೂ ಕಡಲು ಉಕ್ಕಿತ್ತು. ಸರ್ಕಾರದ ಪ್ರವಾಹ ನಕ್ಷೆ ತೆಗೆದು ನೋಡಿದೆ. ಮನೆ ನೀಲಿ ಬಣ್ಣದ ಹೊರಗಿದೆ. ಮನೆಗೆ ಬರುವ ರಸ್ತೆಯ ತಗ್ಗು ಮಾತ್ರ ಒಳಗಿದೆ. ಅತ್ತೆಯವರಿಗೆ ರಾತ್ರಿ ಆಂಬ್ಯುಲೆನ್ಸ್ ಬೇಕಾದರೆ ಅಂತ ನಮ್ಮನೆಯವರು ಕೇಳಿದರು. ಹೊಲದ ಮೇಲಿನಿಂದ ಇನ್ನೊಂದು ದಾರಿ ಇದೆ, ಅದು ಪಕ್ಕದ ರೈತರದ್ದು. ಓಡಾಡುವ ಹಕ್ಕು ಪತ್ರದಲ್ಲಿದೆಯಾ ಅಂತ ವಕೀಲರು ನೋಡುತ್ತಿದ್ದಾರೆ.

ಕೇಳುತ್ತಿರುವ ಬೆಲೆ 6.5 ಲಕ್ಷ ಪೌಂಡ್. ಗೋಡೆಯ ಖರ್ಚು ಕಳೆದು ಕೊಡುತ್ತೇವೆ ಅಂದಿದ್ದೇವೆ. ಇಂಗ್ಲೆಂಡಿನಲ್ಲಿ ಒಪ್ಪಂದದ ಪತ್ರಗಳು ಕೈ ಬದಲಾಗುವವರೆಗೆ ಯಾರ ಮಾತಿಗೂ ಕಟ್ಟಿಲ್ಲ, ನಾಳೆ ಬೇರೆಯವರು ಜಾಸ್ತಿ ಕೊಟ್ಟರೆ ಕೈತಪ್ಪಬಹುದು. ಹೋದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಎರಡನೇ ಸಲ ಹೊರಡುವಾಗ ಮಳೆ ನಿಂತು, ಏಜೆಂಟ್ ಹುಡುಗ ಎರಡೂ ಬಾಗಿಲು ತೆರೆದಿದ್ದ. ಗಾಳಿ ನಡುಮನೆಯಲ್ಲಿ ಹಾಯ್ದು ಜೌಗಿನ ವಾಸನೆ ತಂದಿತು. ಅತ್ತೆಯವರು ಕೋಟಿನ ಗುಂಡಿ ಹಾಕಿಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು, ಏಳಲಿಲ್ಲ.

ಮಂಗಳವಾರ ಕಟ್ಟಡ ಪರೀಕ್ಷಿಸುವ ಸರ್ವೇಯರ್ ಬರುತ್ತಾರೆ. ಹಳೆಯ ಸುಣ್ಣದ ಕಟ್ಟಡಗಳನ್ನೇ ನೋಡುವವರನ್ನು ಹುಡುಕಿದ್ದೇನೆ. ಪಡುವಣ ಗೋಡೆಯಿಂದಲೇ ಶುರು ಮಾಡಿ ಅಂತ ಹೇಳಿದ್ದೇನೆ.