ಟೈ ಕಟ್ಟಿದ ಕೂಲಿ: ಮಾಡೆಲ್ ರೈಲಿಗೆ ಗೊಂಬೆ ತರಿಸುವವರು ಇದನ್ನೊಮ್ಮೆ ಓದಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. 4,800 ರೂಪಾಯಿ ಹೋಯಿತು. ಹೋಗಲಿ. ನನ್ನ ಮಾತು ನಂಬಿ ಗೆಳೆಯನೊಬ್ಬ 2,400 ಕಳೆದುಕೊಂಡನಲ್ಲ, ಅದು ಹೊಟ್ಟೆ ಉರಿಸುತ್ತಿದೆ.

ಈ ಮಾಡೆಲ್ ರೈಲಿನ ಹುಚ್ಚು ಇರುವವರಿಗೆ ಗೊತ್ತು. ನಮಗೆ ಎಂಜಿನ್ ಸಿಗುತ್ತದೆ, ಬೋಗಿ ಸಿಗುತ್ತದೆ, ಹಳಿ ಸಿಗುತ್ತದೆ. ಜನ ಸಿಗುವುದಿಲ್ಲ. ಪ್ಲಾಟ್‌ಫಾರಂ ಮೇಲೆ ನಿಲ್ಲಿಸೋಕೆ ನಮ್ಮ ಜನ ಸಿಗುವುದಿಲ್ಲ. ಜರ್ಮನಿಯ ಪ್ರೈಸರ್ ಕಂಪನಿ 1949ರಿಂದ ಪುಟ್ಟ ಮನುಷ್ಯರನ್ನು ಮಾಡಿಕೊಂಡು ಬಂದಿದೆ. ಅವರ ಗೊಂಬೆ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಓವರ್‌ಕೋಟು, ಹ್ಯಾಟು, ಸೂಟ್‌ಕೇಸು. ಅವರನ್ನು ತಂದು ಅರಸೀಕೆರೆ ಜಂಕ್ಷನ್ನಿನಲ್ಲಿ ನಿಲ್ಲಿಸಿದರೆ ಹೇಗಿರುತ್ತದೆ ಹೇಳಿ.

ನಾನು ಮಾಡುತ್ತಿರುವುದು ಅರಸೀಕೆರೆಯನ್ನೇ. ಆರಡಿ ಪ್ಲೈವುಡ್ ಮೇಲೆ, ಎಚ್‌ಒ ಸ್ಕೇಲಿನಲ್ಲಿ, ಅಂದರೆ 87ರಲ್ಲಿ ಒಂದು ಪಾಲು. ಎರಡು ವರ್ಷದಿಂದ ನಡೆದಿದೆ. ಪ್ಲಾಟ್‌ಫಾರಂ ಕೊನೆಯ ತೆಂಗಿನಕಾಯಿ ರಾಶಿಗೆ ಸಾಸಿವೆ ಅಂಟಿಸಿದ್ದೇನೆ, ಅಳತೆಗೆ ಸರಿಯಾಗಿ ಬರುತ್ತದೆ. ಜನಕ್ಕೆ ಮಾತ್ರ ಪರದಾಟ. ಟಿಶ್ಯೂ ಪೇಪರ್ ಚೂರನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಸೂಜಿ ತುದಿಯಲ್ಲಿ ಎತ್ತಿ, ಜರ್ಮನ್ ಹೆಂಗಸರಿಗೆ ಸೀರೆ ಉಡಿಸುತ್ತಿದ್ದೆ. ಒಂದು ಸೀರೆಗೆ ಒಂದು ಸಂಜೆ. ಅದರಲ್ಲೂ ಸೆರಗು ನಿಲ್ಲೋದೇ ಇಲ್ಲ.

ಈ ಸಲ ನವರಾತ್ರಿಗೆ ಹೆಂಡತಿ, "ಪಟ್ಟದ ಗೊಂಬೆ ಮೆಟ್ಟಿಲ ಮುಂದೆ ನಿಮ್ಮ ಸ್ಟೇಷನ್ನನ್ನೂ ಇಡೋಣ" ಅಂದಳು. ಎರಡು ವರ್ಷ "ಈ ಹಲಗೆ ಯಾವಾಗ ತೆಗೀತೀರಿ" ಅಂತ ಕೇಳಿದವಳು! ನನಗೆ ತಲೆ ತಿರುಗಿತು. ಆಗ ಕಣ್ಣಿಗೆ ಬಿತ್ತು ಆ ಜಾಹೀರಾತು. "ಅಪ್ಪಟ ಭಾರತೀಯ ಫಿಗರ್‌ಗಳು, ಎಚ್‌ಒ ಸ್ಕೇಲ್, ರೆಸಿನ್, ಕೈಯಲ್ಲೇ ಬಣ್ಣ." ರೆಸಿನ್ ಅಂದರೆ ಗಟ್ಟಿಯಾಗುವ ರಾಳ, ಅದರಲ್ಲಿ ಸಣ್ಣ ವಿವರವೂ ಚೆನ್ನಾಗಿ ಮೂಡುತ್ತದೆ. ಫೋಟೋದಲ್ಲಿ ಹಸಿರು ಸೀರೆಯ ಹೆಂಗಸು, ಸೊಂಟದ ಮೇಲೆ ಬಿಂದಿಗೆ. ಸೀರೆಯ ಅಂಚು ಕಾಣುತ್ತಿತ್ತು. ಹಣೆಯ ಕುಂಕುಮ ಕೂಡ ಕಾಣುತ್ತಿತ್ತು.

ಇಲ್ಲೇ ನನ್ನ ಬುದ್ಧಿ ಓಡಬೇಕಿತ್ತು. ಓಡಲಿಲ್ಲ. ಎಚ್‌ಒದಲ್ಲಿ ಮನುಷ್ಯನ ತಲೆಯೇ ಎರಡೂವರೆ ಮಿಲಿಮೀಟರ್. ಕುಂಕುಮ ಒಂದು ಸೆಂಟಿಮೀಟರ್ ಅಗಲ ಇಟ್ಟಿದ್ದಾಳೆ ಅಂದುಕೊಂಡರೂ ಗೊಂಬೆಯ ಹಣೆಯಲ್ಲಿ ಅದು 0.11 ಮಿಲಿಮೀಟರ್. ಕೂದಲೆಳೆ. ಆ ಫೋಟೋದ ಗೊಂಬೆ ಇದಕ್ಕಿಂತ ಎಷ್ಟೋ ದೊಡ್ಡ ಸ್ಕೇಲಿನದು. ಪಕ್ಕದಲ್ಲಿ ಸ್ಕೇಲ್ ಪಟ್ಟಿ ಇಲ್ಲ, ನಾಣ್ಯ ಇಲ್ಲ, ಬೆಂಕಿಕಡ್ಡಿ ಇಲ್ಲ. ನಾನು ಕೇಳಲೂ ಇಲ್ಲ. ಇದೇ ಲೆಕ್ಕವನ್ನು ಹೊಸಬರಿಗೆ ಹೇಳಿಕೊಡುವವನು ನಾನು!

ಮಾರುವ ಆಸಾಮಿ ಕನ್ನಡದಲ್ಲೇ ಮಾತಾಡಿದ. "ಅಣ್ಣಾ, ನೀವು ಅರಸೀಕೆರೆ ಮಾಡ್ತಿದ್ದೀರಾ? ನಮ್ಮಜ್ಜಿ ಊರು ಅಲ್ಲೇ ಪಕ್ಕ ಅಣ್ಣಾ." ಕರಗಿಬಿಟ್ಟೆ. ಇಂಥ ಕೆಲಸಕ್ಕೆ ಅರ್ಧ ಮೊದಲು, ಅರ್ಧ ಬಂದ ಮೇಲೆ ಅನ್ನೋದು ವಾಡಿಕೆ ಅಲ್ವಾ. ಈತ ಪೂರ್ತಿ ಕೇಳಿದ. "ರೆಸಿನ್ ರೇಟ್ ಏರಿದೆ ಅಣ್ಣಾ, ನಿಮಗೋಸ್ಕರ ಒಂದಕ್ಕೆ 200." ಇಪ್ಪತ್ನಾಲ್ಕು ಗೊಂಬೆಗೆ 4,800, ಆತನ ಸ್ವಂತ ನಂಬರಿಗೆ ಯುಪಿಐ. ಬಿಲ್ಲು ಇಲ್ಲ. ಗೆಳೆಯನಿಗೂ ಹೇಳಿದೆ. ಅವನೂ ಹನ್ನೆರಡಕ್ಕೆ ಕಳಿಸಿದ.

ಪಾಡ್ಯಕ್ಕೆ ಮೊದಲು ಬರಬೇಕಾದ್ದು ಬಂದದ್ದು ಚೌತಿಯ ದಿನ ಸಂಜೆ. ಮನೆ ತುಂಬ ಜನ. ಅರಿಶಿನ ಕುಂಕುಮಕ್ಕೆ ಬಂದವರು, ಅತ್ತೆ, ಷಡ್ಡಕ, ಮಕ್ಕಳು. ನಾನು ದೊಡ್ಡದಾಗಿ, "ಬನ್ನಿ ಬನ್ನಿ, ನಮ್ಮ ಸ್ಟೇಷನ್ನಿಗೆ ಪ್ಯಾಸೆಂಜರ್ ಬಂದ್ರು" ಅಂತ ಎಲ್ಲರ ಮುಂದೆ ಪೊಟ್ಟಣ ಬಿಚ್ಚಿದೆ. ಬಿಚ್ಚಬಾರದಿತ್ತು. ಒಳಗೆ ಹೋಗಿ ಒಬ್ಬನೇ ಬಿಚ್ಚಬೇಕಿತ್ತು.

ಸಣ್ಣ ಜಿಪ್ ಕವರಿನಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಫಳಫಳ ಹೊಳೆಯುವ ಎನಾಮೆಲ್ ಥರದ ಬಣ್ಣ. ಮೊಂಡಾದ ಕೈ, ಕಡ್ಡಿಯಂಥ ಕಾಲು. ಬೆಳಕಿಗೆ ಹಿಡಿದೆ, ಪಕ್ಕೆಯುದ್ದಕ್ಕೂ ಅಚ್ಚಿನ ಗೆರೆ. ರೆಸಿನ್ ಅಲ್ಲ, ಪ್ಲಾಸ್ಟಿಕ್. ಆರ್ಕಿಟೆಕ್ಟ್‌ಗಳು ಕಟ್ಟಡದ ಮಾಡೆಲ್ ಮುಂದೆ ಚೆಲ್ಲುತ್ತಾರಲ್ಲ, ನೂರರ ಲೆಕ್ಕದಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತವಲ್ಲ, ಅವೇ. ಐದೇ ಭಂಗಿ, ಅದನ್ನೇ ತಿರುಗಿಸಿ ಮುರುಗಿಸಿ ಇಪ್ಪತ್ನಾಲ್ಕು. "ಸೀರೆ" ಅಂದರೆ ಸ್ಕರ್ಟ್ ಹಾಕಿದ ಹೆಂಗಸಿನ ಎದೆ ಮೇಲೆ ಅಡ್ಡ ಎಳೆದ ಒಂದು ಬ್ರಷ್ ಗೀಟು.

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಎಂಟು ವರ್ಷದ ಮಗಳು ಕೆಂಪು ಬಣ್ಣದ್ದೊಂದನ್ನು ಎತ್ತಿ ಕಣ್ಣ ಹತ್ತಿರ ಹಿಡಿದು, "ಅಪ್ಪಾ, ಈ ಕೂಲಿಯವರು ಟೈ ಕಟ್ಕೊಂಡಿದ್ದಾರೆ" ಅಂದಳು.

ಹೌದು. ಟೈ. ಸೂಟು ಹಾಕಿದ ಆಸಾಮಿಗೆ ಮೇಲಿಂದ ಕೆಂಪು ಬಳಿದಿದ್ದ. ಅಚ್ಚಿನಲ್ಲಿದ್ದ ಟೈ ಉಬ್ಬಿಕೊಂಡು ಹಾಗೇ ಕಾಣುತ್ತಿತ್ತು. ಷಡ್ಡಕ ನಕ್ಕ. ಇವತ್ತಿಗೂ ಫೋನ್ ಮಾಡಿದಾಗೆಲ್ಲ "ಏನ್ ಸಾರ್, ಟೈ ಕೂಲಿ ಹೇಗಿದ್ದಾನೆ" ಅನ್ನುತ್ತಾನೆ.

ರಾತ್ರಿ ಎಲ್ಲರೂ ಹೋದ ಮೇಲೆ ಅಳೆದೆ. ಐದೂವರೆ ಅಡಿ ಮನುಷ್ಯ ಅಂದರೆ 1676 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲವೂ ಅಷ್ಟೇ. ಎಚ್‌ಒದಲ್ಲಿ ಅವನು 19 ಮಿಲಿಮೀಟರ್ ದಾಟಬೇಕು. ನಾವೆಲ್ಲ ಬಳಸುವ ರೆಡಿಮೇಡ್ ಹಳಿ ವಿದೇಶದ ಕಿರಿದಾದ ಗೇಜಿನ ಲೆಕ್ಕದ್ದು, ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಹಾಗಾಗಿ ದೊಡ್ಡವನನ್ನು ಅಡ್ಡ ಮಲಗಿಸಿದರೆ ಹಳಿಗಳ ಮಧ್ಯೆ ಹಿಡಿಸಬಾರದು, ತಲೆಯೋ ಕಾಲೋ ಹಳಿ ಮೇಲೆ ಬರಬೇಕು. ಟೈ ಕೂಲಿ ಎರಡು ಹಳಿಗಳ ನಡುವೆ ಹಾಸಿಗೆ ಹಾಸಿದಂತೆ ಮಲಗಿಬಿಟ್ಟ. ಒಬ್ಬೊಬ್ಬರನ್ನೇ ಮಲಗಿಸಿದೆ. ಇಪ್ಪತ್ನಾಲ್ಕು ಜನವೂ ಹಿಡಿಸಿದರು. ಎಲ್ಲರೂ ಹೆಚ್ಚುಕಮ್ಮಿ ನೂರರಲ್ಲೊಂದು ಪಾಲಿನವರು. ಕೆಲವರು ಅದಕ್ಕೂ ಕಮ್ಮಿ.

ಮಾರಿದವನ ಉತ್ತರಗಳನ್ನು ಹಾಗೇ ಹಾಕುತ್ತೇನೆ.

ಟೈ ಫೋಟೋ ಕಳಿಸಿದೆ. "ಅದು ಟೈ ಅಲ್ಲ ಸರ್, ಟವೆಲ್." ಗಮನಿಸಿ, ದುಡ್ಡು ಹೋಗುವವರೆಗೆ ಅಣ್ಣ, ಆಮೇಲೆ ಸರ್.

ಅಳತೆಯ ಫೋಟೋ ಕಳಿಸಿದೆ. "ಮನುಷ್ಯರಲ್ಲಿ ಕುಳ್ಳರು ಇರಲ್ವಾ ಸರ್?" ಇರ್ತಾರಪ್ಪ, ಇಡೀ ಪ್ಲಾಟ್‌ಫಾರಂ ತುಂಬ ನಾಲ್ಕು ಅಡಿ ಎಂಟು ಇಂಚಿನವರೇನಾ ಅಂದೆ. "ದೂರದಿಂದ ನೋಡಿ ಸರ್, ಗೊತ್ತಾಗಲ್ಲ."

ರೆಸಿನ್ ಎಲ್ಲಿ ಅಂದೆ. "ಪ್ಲಾಸ್ಟಿಕ್ ಕೂಡ ಒಂಥರಾ ರೆಸಿನ್ನೇ ಸರ್."

ದುಡ್ಡು ವಾಪಸ್ ಕೊಡಿ ಅಂದೆ. "ನೋಡಿ ಮಿಸ್ಟರ್, ಕಸ್ಟಮ್ ಆರ್ಡರ್‌ಗೆ ರಿಟರ್ನ್ ಇಲ್ಲ. ಗೊಂಬೆ ಆಡೋ ವಯಸ್ಸಾ ನಿಮ್ದು?"

ಇದನ್ನು ಓದಿ ಐದು ನಿಮಿಷ ಸುಮ್ನೆ ಕೂತೆ. ಗೊಂಬೆ ಮಾರೋನು ಹೇಳೋ ಮಾತಾ ಇದು? ಒಂದು ಉತ್ತರ ಟೈಪ್ ಮಾಡಿದೆ, ಇಲ್ಲಿ ಬರೆಯುವಂಥದ್ದಲ್ಲ, ಅಳಿಸಿದೆ. ಆಮೇಲೆ ಮತ್ತೆ ಮರ್ಯಾದೆಯಿಂದ, "ಕನಿಷ್ಠ ನನ್ನ ಗೆಳೆಯನ ದುಡ್ಡಾದರೂ ಕೊಡಿ" ಅಂದೆ. ಒಂದೇ ಟಿಕ್. ಬ್ಲಾಕ್.

ಸೈಬರ್ ವಂಚನೆಗೆ 1930 ಸಹಾಯವಾಣಿ ಇದೆ, ಮೋಸ ಅಂತ ಗೊತ್ತಾದ ಕೂಡಲೇ ಫೋನ್ ಮಾಡಬೇಕಿತ್ತು. ನಾನು "ಮಾತಾಡಿದರೆ ಸರಿ ಮಾಡ್ತಾನೆ, ನಮ್ಮೂರ ಪಕ್ಕದವನು" ಅಂತ ಹನ್ನೊಂದು ದಿನ ಆತನ ಜೊತೆ ಟವೆಲ್ಲು, ಕುಳ್ಳರು ಅಂತ ವಾದ ಮಾಡುತ್ತ ಕೂತೆ. ನೀವು ಕೂರಬೇಡಿ. ಗೊಂಬೆಯನ್ನು ಹಳಿ ಮೇಲೆ ಅಡ್ಡ ಮಲಗಿಸಿ ಫೋಟೋ ಕಳಿಸು ಅನ್ನಿ, ವಿಡಿಯೋ ಆದರೆ ಇನ್ನೂ ಒಳ್ಳೇದು. ಇವತ್ತಿನ ಪೇಪರ್ ಪಕ್ಕದಲ್ಲಿಟ್ಟು ತೆಗೆಯಲಿ. ಕೊಡದಿದ್ದರೆ ಬಿಟ್ಟುಬಿಡಿ. ಪೂರ್ತಿ ಅಡ್ವಾನ್ಸ್ ಅಂತೂ ಯಾರ ಅಜ್ಜಿ ಯಾವ ಊರಿನವರಾದರೂ ಕೊಡಬೇಡಿ.

ಗೆಳೆಯನ 2,400 ನಾನೇ ಕೊಟ್ಟೆ. ಅವನು ಬೇಡ ಅಂದ, ಜೇಬಿಗೆ ತುರುಕಿದೆ. ಹಾಗಾಗಿ ಒಟ್ಟು 7,200. ಹೆಂಡತಿಗೆ ಇನ್ನೂ 4,800 ಅಂತಲೇ ಗೊತ್ತಿರೋದು.

ಇಷ್ಟೆಲ್ಲ ಬರೆಯೋಕೆ ಕಾರಣ ನಿನ್ನೆ ನೋಡಿದ್ದು. ಬೇರೆ ಹೆಸರು, ಬೇರೆ ನಂಬರು, ಈ ಸಲ "ಹಳ್ಳಿ ಸಂತೆ ಸೆಟ್, ಮೂವತ್ತು ಫಿಗರ್". ಫೋಟೋ ಮಾತ್ರ ಅದೇ. ಹಸಿರು ಸೀರೆ, ಸೊಂಟದ ಮೇಲೆ ಬಿಂದಿಗೆ, ಹಣೆಯಲ್ಲಿ ಕುಂಕುಮ. ಫೋಟೋದ ಎಡ ಮೂಲೆಯಲ್ಲಿ ನೀಲಿ ಬಕೆಟ್ಟಿನ ಅಂಚು ಸ್ವಲ್ಪ ಕಾಣುತ್ತದೆ, ಅದೇ ಗುರುತು. ಹೆಸರು ಎಷ್ಟು ಸಲ ಬದಲಾಯಿಸಿದರೂ ಬಕೆಟ್ಟನ್ನು ಕತ್ತರಿಸೋಕೆ ಆತನಿಗೆ ಇನ್ನೂ ಹೊಳೆದಿಲ್ಲ.