ಹಳದಿ ದೀಪಕ್ಕೆ ಸರಿ, ಕೆಂಪು ದೀಪಕ್ಕಲ್ಲ: ಅಗ್ಗದ ಒಬಿಡಿ ಸ್ಕ್ಯಾನರ್ ಒಂದರ ವಿಮರ್ಶೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹೊತ್ತಿಕೊಂಡಾಗ ಅದರ ಕಾರಣವನ್ನು ಮೊಬೈಲಿನಲ್ಲೇ ತೋರಿಸುವ ಬ್ಲೂಟೂತ್ ಸ್ಕ್ಯಾನರುಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಸಾವಿರ ರೂಪಾಯಿಯೊಳಗೇ ಸಿಗುತ್ತವೆ. ಕಂಪನಿಯ ಹೆಸರೇ ಇಲ್ಲದ, ಪೊಟ್ಟಣದ ಮೇಲೆ ಕೇವಲ ಇಎಲ್ಎಂ 327 ಎಂದು ಅಚ್ಚಾಗಿರುವ ಅಂಥದ್ದೊಂದು ನೀಲಿ ಡಬ್ಬಿಯನ್ನು ನನ್ನ ಬಿಎಸ್ 6 ಪೆಟ್ರೋಲ್ ಹ್ಯಾಚ್‌ಬ್ಯಾಕಿನಲ್ಲಿ ಒಂದು ಬೇಸಿಗೆ ಮತ್ತು ಒಂದು ಮಳೆಗಾಲದುದ್ದಕ್ಕೂ ಬಳಸಿ ನೋಡಿದ್ದೇನೆ. ಹಳದಿ ದೀಪಗಳ ವಿಷಯದಲ್ಲಿ ಇದು ಕೊಟ್ಟ ಹಣಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಹೆಚ್ಚಿನ ಕೆಂಪು ದೀಪಗಳ ವಿಷಯದಲ್ಲಿ ಇದರಿಂದ ಪ್ರಯೋಜನವಿಲ್ಲ. ಇದನ್ನೇ ನಂಬಿ ಕೂತರೆ ಹಾನಿಯೂ ಆದೀತು.

ಜೋಡಿಸುವುದು ಸುಲಭ. ಸ್ಟಿಯರಿಂಗಿನ ಕೆಳಗೆ, ಸಾಮಾನ್ಯವಾಗಿ ಫ್ಯೂಸ್ ಬಾಕ್ಸಿನ ಆಸುಪಾಸಿನಲ್ಲಿ, 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ನಮ್ಮ ದೇಶದಲ್ಲಿ ಬಿಎಸ್ 4 ಕಾರುಗಳಿಗೆ 2013ರಿಂದ ಎರಡನೆಯ ಹಂತದ ಒಬಿಡಿ, ಅಂದರೆ ಕಾರು ತನ್ನ ದೋಷಗಳನ್ನು ತಾನೇ ಪತ್ತೆಮಾಡಿ ದಾಖಲಿಸುವ ವ್ಯವಸ್ಥೆ, ಕಡ್ಡಾಯವಾಗಿರುವುದರಿಂದ, ಆಮೇಲಿನ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಈ ಸಾಕೆಟ್ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ, ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಮೊಬೈಲಿನಲ್ಲಿ 1234 ಅಥವಾ 0000 ಎಂಬ ಪಿನ್ ಹಾಕಿ, ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಒಂದು ಆ್ಯಪ್ ತೆರೆದರೆ ಸಾಕು. ಐಫೋನ್ ಇರುವವರು ಮಾತ್ರ ಕೊಳ್ಳುವ ಮೊದಲು ಗಮನಿಸಬೇಕು: ಹಳೆಯ ಮಾದರಿಯ ಬ್ಲೂಟೂತಿನ ಡಬ್ಬಿಗಳು ಐಫೋನಿನೊಂದಿಗೆ ಮಾತಾಡುವುದಿಲ್ಲ, ಅವರಿಗೆ ಬಿಎಲ್ಇ ಎಂಬ ಹೊಸ ಬಗೆಯ ಬ್ಲೂಟೂತ್ ಅಥವಾ ವೈಫೈ ಇರುವುದೇ ಬೇಕು.

ಇದರ ಮುಖ್ಯ ಕೆಲಸ ಚೆಕ್ ಎಂಜಿನ್ ದೀಪದ ಹಿಂದಿರುವ ಕೋಡ್ ಓದುವುದು. ಪಿ 0300 ಎಂದರೆ ಸಿಲಿಂಡರುಗಳಲ್ಲಿ ಅಲ್ಲಲ್ಲಿ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು), ಪಿ 0171 ಎಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ಮಿಶ್ರಣ, ಪಿ 0420 ಎಂದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಕಾರ್ಯಕ್ಷಮತೆ ಮಿತಿಗಿಂತ ಕೆಳಗೆ. ಸೊನ್ನೆಯಿಂದ ಆರಂಭವಾಗುವ ಇಂಥ ಕೋಡುಗಳ ಅರ್ಥ ಎಲ್ಲ ಕಂಪನಿಗಳ ಕಾರುಗಳಲ್ಲೂ ಒಂದೇ. ಪಿ 1ರಿಂದ ಆರಂಭವಾಗುವವು ಆಯಾ ಕಂಪನಿಗೆ ಸೇರಿದವು. ಅವುಗಳಿಗೆ ಉಚಿತ ಆ್ಯಪ್ ಕೊಡುವ ವಿವರಣೆ ಎಷ್ಟೋ ಸಲ ಬೇರೆ ಯಾವುದೋ ಕಂಪನಿಯ ಕಾರಿನದಾಗಿರುತ್ತದೆ, ಆದ್ದರಿಂದ ಅದನ್ನು ನಂಬಿ ಬಿಡಿಭಾಗ ಕೊಳ್ಳಬಾರದು.

ನಂಬಬಹುದಾದ ಕೋಡುಗಳ ವಿಷಯದಲ್ಲೂ ಒಂದು ಎಚ್ಚರ ಅಗತ್ಯ. ಕೋಡು ಹೇಳುವುದು ಕಂಡ ಲಕ್ಷಣವನ್ನು. ಕೆಟ್ಟ ಭಾಗ ಯಾವುದೆಂದು ಅದು ಹೇಳುವುದಿಲ್ಲ. ಮಳೆಗಾಲದ ಆರಂಭದಲ್ಲಿ ನನ್ನ ಕಾರಿನಲ್ಲಿ ಪಿ 0171 ಬಂದಾಗ ಒಂದು ಸರ್ವಿಸ್ ಸೆಂಟರಿನವರು ಸ್ಕ್ಯಾನರಿನ ಪರದೆಯತ್ತ ಒಂದು ಸಲ ನೋಡಿ, ಆಕ್ಸಿಜನ್ ಸೆನ್ಸರ್ ಬದಲಾಯಿಸಬೇಕೆಂದು ಅಂದಾಜುಪಟ್ಟಿ ಬರೆದುಕೊಟ್ಟರು. ಪರಿಚಯದ ಮೆಕ್ಯಾನಿಕ್ ಒಬ್ಬರು ಮಾತ್ರ ಏರ್ ಫಿಲ್ಟರಿನಿಂದ ಎಂಜಿನ್ನಿನವರೆಗಿನ ಕೊಳವೆಗಳನ್ನೆಲ್ಲ ಕೈಯಲ್ಲಿ ಮುಟ್ಟಿ ನೋಡಿ, ಬಿರುಕು ಬಿಟ್ಟಿದ್ದ ಒಂದು ವ್ಯಾಕ್ಯೂಮ್ ಹೋಸನ್ನು ಬದಲಾಯಿಸಿದರು. ಕೋಡು ಮತ್ತೆ ಬರಲಿಲ್ಲ. ಅಳತೆ ಮಾಡದೆ ಬರುವ ಹೆಚ್ಚುವರಿ ಗಾಳಿಯನ್ನು ಎಂಜಿನ್ನಿನ ಕಂಪ್ಯೂಟರು ಕಂಡುಹಿಡಿದದ್ದೇ ಆ ಆಕ್ಸಿಜನ್ ಸೆನ್ಸರಿನ ಮೂಲಕ. ಸರಿಯಾಗಿ ಕೆಲಸ ಮಾಡುತ್ತಿದ್ದ ಭಾಗಕ್ಕೇ ಸರ್ವಿಸ್ ಸೆಂಟರಿನವರು ದೋಷ ಹೊರಿಸಿದ್ದರು. ಕೋಡು ಮೊದಲೇ ಗೊತ್ತಿದ್ದರೆ ಗ್ಯಾರೇಜಿನಲ್ಲಿ ಯಾವ ಪ್ರಶ್ನೆ ಕೇಳಬೇಕೆಂಬುದಾದರೂ ತಿಳಿದಿರುತ್ತದೆ, ಈ ಡಬ್ಬಿಗೆ ಕೊಟ್ಟ ಹಣ ಮರಳಿ ಬರುವುದು ಅಲ್ಲಿ.

ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ ಉಳಿದಿರುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ನಿನ ವೇಗ, ಕೂಲೆಂಟಿನ ಉಷ್ಣತೆ, ಕಾರಿನ ವೇಗ, ಎಂಜಿನ್ನಿನ ಮೇಲಿನ ಭಾರ ಎಷ್ಟಿತ್ತೆಂಬುದು ಅದರಲ್ಲಿ ಇರುತ್ತದೆ. ಜಾಣ ಮೆಕ್ಯಾನಿಕ್ ಮೊದಲು ಕೇಳುವುದು ಅದನ್ನೇ. ಆ್ಯಪಿನ ಮುಖಪುಟದಲ್ಲೇ, ಎದ್ದು ಕಾಣುವ ಬಣ್ಣದಲ್ಲಿ, ಕೋಡ್ ಅಳಿಸುವ ಗುಂಡಿಯನ್ನು ಇಟ್ಟಿರುವುದು ಈ ಕಾರಣಕ್ಕೇ ನನಗೆ ಸರಿಕಾಣಲಿಲ್ಲ. ಅದನ್ನು ಒತ್ತಿದರೆ ದೀಪದೊಂದಿಗೆ ಈ ದಾಖಲೆಯೂ ಹೋಗುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಅಳಿಸುವ ಮೊದಲು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಚೆಕ್ ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಮನೆ ತಲುಪಿ, ಒಂದೆರಡು ದಿನಗಳಲ್ಲಿ ತೋರಿಸಿದರೆ ಸಾಕು. ಅದೇ ದೀಪ ಮಿನುಗತೊಡಗಿದರೆ ವಿಷಯ ಬೇರೆ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂಬುದು ಅದರ ಸಾಮಾನ್ಯ ಅರ್ಥ. ತಕ್ಷಣ ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸದಿದ್ದರೆ ಒಂದು ಸ್ಪಾರ್ಕ್ ಪ್ಲಗ್ಗಿನ ಖರ್ಚು ಕನ್ವರ್ಟರಿನ ಖರ್ಚಾಗಿ ಬೆಳೆಯುತ್ತದೆ. ಮಳೆಯ ದಿನ ಬೆಂಗಳೂರಿನ ಅಂಡರ್‌ಪಾಸುಗಳ ನೀರಿನಲ್ಲಿ ಹಾದುಬಂದ ಮೇಲೆ ಹೀಗಾಗುವ ಸಾಧ್ಯತೆ ಹೆಚ್ಚು. ಮಿನುಗು ಮತ್ತು ಸ್ಥಿರ ಬೆಳಕಿನ ಈ ವ್ಯತ್ಯಾಸವನ್ನು ಆ್ಯಪ್ ಹೇಳುವುದಿಲ್ಲ, ಎರಡಕ್ಕೂ ಒಂದೇ ಕೋಡನ್ನು ಒಂದೇ ಅಕ್ಷರದಲ್ಲಿ ತೋರಿಸುತ್ತದೆ.

ಈಗ ಕೆಂಪು ದೀಪಗಳಿಗೆ ಬರೋಣ. ಎಣ್ಣೆ ಸುರಿಯುವ ಡಬ್ಬಿಯ ಚಿತ್ರವಿರುವ ಆಯಿಲ್ ಪ್ರೆಷರ್ ದೀಪ ಎಲ್ಲಕ್ಕಿಂತ ಗಂಭೀರವಾದುದು. ಹೆಚ್ಚಿನ ಸಾಧಾರಣ ಕಾರುಗಳಲ್ಲಿ ಅದರ ಹಿಂದೆ ಇರುವುದು ಒತ್ತಡ ಇಳಿದಾಗ ದೀಪ ಹೊತ್ತಿಸುವ ಒಂದು ಸರಳ ಸ್ವಿಚ್ ಮಾತ್ರ. ಒತ್ತಡ ಎಷ್ಟೆಂಬ ಸಂಖ್ಯೆ ಎಲ್ಲಿಯೂ ದಾಖಲಾಗುವುದಿಲ್ಲ. ಹಾಗಾಗಿ ಆ ದೀಪ ಉರಿಯುತ್ತಿರುವಾಗಲೂ ಈ ಸ್ಕ್ಯಾನರ್ ಯಾವುದೇ ದೋಷವಿಲ್ಲ ಎಂದು ಹಸಿರು ಅಕ್ಷರದಲ್ಲಿ ಬರೆದು ತೋರಿಸೀತು. ಆ ಹಸಿರನ್ನು ನಂಬಿ ಇನ್ನು ಕೆಲವು ಕಿಲೋಮೀಟರ್ ಓಡಿಸಿದರೆ ಎಂಜಿನ್ ಹಿಡಿದುಕೊಂಡುಬಿಡುತ್ತದೆ. ಇಲ್ಲಿ ಮಾಡಬೇಕಾದ ಕೆಲಸಕ್ಕೆ ಮೊಬೈಲ್ ಬೇಕಿಲ್ಲ: ಪಕ್ಕಕ್ಕೆ ತೆಗೆದುಕೊಂಡು, ಎಂಜಿನ್ ಆರಿಸಿ, ಕೆಲವು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಬೇಕು. ಎಣ್ಣೆಯ ಮಟ್ಟ ಸರಿಯಿದ್ದೂ ದೀಪ ಮತ್ತೆ ಹೊತ್ತಿದರೆ ಕಾರನ್ನು ಎಳೆಸಿಕೊಂಡೇ ಹೋಗಬೇಕು.

ಉಷ್ಣತೆಯ ವಿಷಯದಲ್ಲಿ ಸ್ಕ್ಯಾನರಿನ ಪಾತ್ರ ಮಿಶ್ರವಾದದ್ದು. ಈಗಿನ ಎಷ್ಟೋ ಚಿಕ್ಕ ಕಾರುಗಳಲ್ಲಿ ಮುಳ್ಳಿನ ಮೀಟರ್ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಅತಿಯಾದಾಗ ಕೆಂಪು ದೀಪ, ನಡುವೆ ಏನೂ ಇಲ್ಲ. ಆ್ಯಪ್ ಈ ನಡುವಿನದನ್ನು ತೋರಿಸುತ್ತದೆ. ಗುಂಡ್ಯದಿಂದ ಸಕಲೇಶಪುರದತ್ತ ಶಿರಾಡಿ ಘಾಟಿ ಏರುವಾಗ, ಭಾರ ತುಂಬಿದ ಲಾರಿಗಳ ಹಿಂದೆ ಸಣ್ಣ ಗೇರಿನಲ್ಲಿ ತೆವಳಬೇಕಾದ ಕಡೆ, ಬಯಲಿನಲ್ಲಿ 90 ಡಿಗ್ರಿಯ ಆಸುಪಾಸಿನಲ್ಲಿರುವ ಕೂಲೆಂಟು 100ರ ಹತ್ತಿರ ಹೋಗಿ, ಫ್ಯಾನ್ ತಿರುಗಿದೊಡನೆ ಇಳಿಯುವುದನ್ನು ಪಕ್ಕದ ಸೀಟಿನವರು ನೋಡಿ ಹೇಳುತ್ತಿದ್ದರು. ಫ್ಯಾನ್ ತಿರುಗಿಯೂ ಸಂಖ್ಯೆ ಇಳಿಯದಿದ್ದರೆ ಕೆಂಪು ದೀಪ ಬರುವ ಮೊದಲೇ ಎ.ಸಿ. ಆರಿಸಿ ನಿಲ್ಲುವ ಜಾಗ ಹುಡುಕಲು ಸಮಯ ಸಿಗುತ್ತದೆ. ಆದರೆ ಕೊಳವೆ ಒಡೆದು ಕೂಲೆಂಟ್ ಪೂರ್ತಿ ಚೆಲ್ಲಿಹೋದರೆ ಸೆನ್ಸರಿನ ತುದಿ ದ್ರವವಿಲ್ಲದೆ ಗಾಳಿಯಲ್ಲಿ ಉಳಿದು, ಎಂಜಿನ್ ಕಾದು ಕೆಂಡವಾಗಿದ್ದರೂ ಪರದೆಯ ಸಂಖ್ಯೆ ಕಡಿಮೆಯೇ ಇರಬಹುದು. ಬಾನೆಟ್ಟಿನಿಂದ ಆವಿ ಏಳುತ್ತಿರುವಾಗ ಮೊಬೈಲ್ 80 ಡಿಗ್ರಿ ಎಂದರೆ ಆವಿಯನ್ನೇ ನಂಬಬೇಕು. ನಿಲ್ಲಿಸಿದ ಮೇಲೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವುದು ಎಂಜಿನ್ ಪೂರ್ತಿ ತಣಿಯುವವರೆಗೆ ಬೇಡ. ಒಳಗಿನ ಒತ್ತಡ ಒಮ್ಮೆಲೆ ಹೊರನುಗ್ಗಿ ಮುಖ, ಕೈ ಸುಟ್ಟುಹೋಗುತ್ತವೆ.

ಬ್ರೇಕು, ಎಬಿಎಸ್, ಏರ್‌ಬ್ಯಾಗುಗಳ ದೀಪಗಳ ಬಗ್ಗೆ ಈ ಅಗ್ಗದ ಡಬ್ಬಿಗೆ ಹೆಚ್ಚುಕಡಿಮೆ ಏನೂ ತಿಳಿಯದು. ಸಾಮಾನ್ಯ ಆ್ಯಪುಗಳು ಓದುವುದು ಎಂಜಿನ್ನಿಗೆ ಸಂಬಂಧಿಸಿದ ಕೋಡುಗಳನ್ನು ಮಾತ್ರ. ಉಳಿದವುಗಳಿಗೆ ಕಂಪನಿಯ ಅಥವಾ ಅದಕ್ಕೆ ಸಮನಾದ ದುಬಾರಿ ಸ್ಕ್ಯಾನರ್ ಬೇಕು. ಹಳದಿ ಎಬಿಎಸ್ ದೀಪ ಒಂಟಿಯಾಗಿ ಉರಿದರೆ ಸಾಧಾರಣ ಬ್ರೇಕು ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರಗಳು ಕಚ್ಚಿಕೊಂಡು ಜಾರುತ್ತವೆ. ಅದರೊಡನೆ ಕೆಂಪು ಬ್ರೇಕ್ ದೀಪವೂ ಸೇರಿಕೊಂಡರೆ, ಅಥವಾ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಆರದಿದ್ದರೆ, ಮುಂದೆ ಹೋಗಬಾರದು. ಏರ್‌ಬ್ಯಾಗ್ ದೀಪ ಆರದೆ ಉಳಿದರೆ ಕಾರು ಓಡುತ್ತದೆ, ಅಪಘಾತದಲ್ಲಿ ಚೀಲ ತೆರೆದುಕೊಳ್ಳುತ್ತದೆಂಬ ಭರವಸೆ ಇರುವುದಿಲ್ಲ.

ಬ್ಯಾಟರಿಯ ಕೆಂಪು ದೀಪದಲ್ಲಿ ಮಾತ್ರ ಡಬ್ಬಿ ತನ್ನ ಬೆಲೆಯನ್ನು ತೋರಿಸಿಕೊಡುತ್ತದೆ, ಏಕೆಂದರೆ ವೋಲ್ಟೇಜನ್ನು ಅದು ನೇರವಾಗಿ ಅಳೆಯುತ್ತದೆ. ಎಂಜಿನ್ ಆರಿದ್ದು ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರ ಸುತ್ತ, ಎಂಜಿನ್ ಓಡುತ್ತಿದ್ದರೆ 13.5ರಿಂದ 14.5ರವರೆಗೆ ಇರಬೇಕು. ಓಡುತ್ತಿರುವಾಗಲೂ 12ರ ಕಡೆಗೆ ಇಳಿಯುತ್ತಿದ್ದರೆ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರು ಕೆಲಸ ಮಾಡುತ್ತಿಲ್ಲ. ಇಂಧನ ಉಳಿಸಲು ಆಲ್ಟರ್ನೇಟರನ್ನು ತಾವೇ ಏರಿಳಿಸುವ ಕೆಲವು ಹೊಸ ಕಾರುಗಳು ಇದಕ್ಕೆ ಹೊರತು. ಆಲ್ಟರ್ನೇಟರು ನಿಂತಿದ್ದರೆ ಎ.ಸಿ. ಮತ್ತು ಮ್ಯೂಸಿಕ್ ಆರಿಸಿ ಹತ್ತಿರದ ಊರು ಸೇರಿಕೊಳ್ಳಬಹುದು. ಇದರ ಜೊತೆಗೇ ಉಷ್ಣತೆಯೂ ಏರುತ್ತಿದ್ದರೆ ಬೆಲ್ಟೇ ತುಂಡಾಗಿ ವಾಟರ್ ಪಂಪು ನಿಂತಿರುವ ಸಾಧ್ಯತೆ ಇರುವುದರಿಂದ ಊರು ಸೇರುವ ಆಸೆ ಬಿಟ್ಟು ಅಲ್ಲೇ ನಿಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ ಹಜಾರ್ಡ್ ದೀಪ ಹಾಕಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಎಲ್ಲರೂ ಕಾರಿನಿಂದಿಳಿದು ರಸ್ತೆಯಂಚಿನಿಂದಾಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡುವುದು ಸರಿಯಾದ ಕ್ರಮ.

ಡಬ್ಬಿಯಿಂದಲೇ ಬರುವ ತೊಂದರೆಗಳನ್ನೂ ಹೇಳಬೇಕು. ಸಾಕೆಟ್ಟಿಗೆ ಬ್ಯಾಟರಿಯಿಂದ ಯಾವಾಗಲೂ ವಿದ್ಯುತ್ ಬರುತ್ತಲೇ ಇರುವುದರಿಂದ, ಸಿಕ್ಕಿಸಿಟ್ಟು ಊರಿಗೆ ಹೋದರೆ ಮರಳಿ ಬರುವಷ್ಟರಲ್ಲಿ ಬ್ಯಾಟರಿ ಬರಿದಾಗಿದ್ದರೆ ಆಶ್ಚರ್ಯವಿಲ್ಲ. ಉದ್ದನೆಯ ಮಾದರಿಗಳು ಕ್ಲಚ್ ಒತ್ತುವ ಕಾಲಿನ ಮೊಣಕಾಲಿಗೆ ತಗಲುತ್ತವೆ. ಕೊಳ್ಳುವುದಾದರೆ ಗಿಡ್ಡದ್ದನ್ನೇ ಕೊಳ್ಳಬೇಕು. ಪಿನ್ ಸಂಖ್ಯೆ ಎಲ್ಲರಿಗೂ ಗೊತ್ತಿರುವಂಥದ್ದಾದ್ದರಿಂದ ಪಾರ್ಕಿಂಗಿನಲ್ಲಿ ಬಿಟ್ಟ ಕಾರಿಗೆ ಯಾರು ಬೇಕಾದರೂ ಸೇರಿಕೊಳ್ಳಬಹುದು. ಚಾಲಕನೇ ಓಡಿಸುತ್ತ ಮೊಬೈಲ್ ಹಿಡಿದು ಈ ಸಂಖ್ಯೆಗಳನ್ನು ನೋಡುವುದು ಅಪಾಯವೂ ಹೌದು, ಕಾನೂನಿಗೆ ವಿರುದ್ಧವೂ ಹೌದು. ಮೋಟಾರು ವಾಹನ ನಿಯಮಗಳ 2020ರ ತಿದ್ದುಪಡಿ ಮೊಬೈಲ್ ಬಳಕೆಗೆ ಅವಕಾಶ ಕೊಟ್ಟಿರುವುದು ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ.

ನನಗೆ ಅನಿರೀಕ್ಷಿತವಾಗಿ ಕುತೂಹಲ ಹುಟ್ಟಿಸಿದ್ದು ಫ್ಯೂಯೆಲ್ ಟ್ರಿಮ್ ಎಂಬ ಅಂಕಿ, ಅಂದರೆ ಇಂಧನವನ್ನು ಎಂಜಿನ್ನಿನ ಕಂಪ್ಯೂಟರ್ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ ಎಂಬುದು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಆದ್ದರಿಂದ ಬಂಕುಗಳಲ್ಲಿ ಶೇ. 10ರ ಮಿಶ್ರಣ ಹೋಗಿ ಶೇ. 20ರದ್ದು ಬಂದಾಗ ಅಷ್ಟೇ ಗಾಳಿಗೆ ಸುಮಾರು ಶೇ. 4ರಷ್ಟು ಹೆಚ್ಚು ಇಂಧನ ಸುರಿಯಬೇಕಾಗುತ್ತದೆ. ಎಂಜಿನ್ನಿನ ಕಂಪ್ಯೂಟರ್ ಈ ಹೊಂದಾಣಿಕೆಯನ್ನು ಸದ್ದಿಲ್ಲದೆ ಮಾಡಿಕೊಳ್ಳುವುದು ದೀರ್ಘಾವಧಿ ಟ್ರಿಮ್ಮಿನಲ್ಲಿ ಕಾಣುತ್ತದೆ. ಅದು ಹತ್ತರೊಳಗಿದ್ದರೆ ಚಿಂತೆಯಿಲ್ಲ. ಹತ್ತನ್ನು ದಾಟಿ ಏರುತ್ತಲೇ ಇದ್ದರೆ ಪಿ 0171 ದೀಪ ಹೊತ್ತುವ ಮೊದಲೇ ಗಾಳಿಯ ಸೋರಿಕೆ ಹುಡುಕಿಸಬಹುದು.

ಹಳೆಯ ಕಾರು ಕೊಳ್ಳಲು ಹೊರಟವರಿಗೆ ಇದನ್ನು ಎರಡು ಮಾತಿಲ್ಲದೆ ಶಿಫಾರಸು ಮಾಡುತ್ತೇನೆ. ಕೀಲಿ ತಿರುಗಿಸಿದಾಗ ಎಲ್ಲ ಎಚ್ಚರಿಕೆ ದೀಪಗಳೂ ಒಮ್ಮೆ ಹೊತ್ತಿ, ಎಂಜಿನ್ ಹತ್ತಿದ ಮೇಲೆ ಆರಬೇಕು. ಚೆಕ್ ಎಂಜಿನ್ ದೀಪ ಹೊತ್ತಲೇ ಇಲ್ಲವೆಂದರೆ ಅದನ್ನು ಯಾರೋ ಕಿತ್ತಿರಬಹುದು ಅಥವಾ ಮರೆಮಾಡಿರಬಹುದು. ದೀಪವನ್ನು ಮರೆಮಾಡಿದರೂ ಕೋಡು ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಅದನ್ನು ಬೆಳಿಗ್ಗೆಯಷ್ಟೇ ಅಳಿಸಿ ತಂದಿದ್ದರೆ ರೆಡಿನೆಸ್ ಮಾನಿಟರುಗಳು (ಕಾರು ತನ್ನ ಭಾಗಗಳ ಮೇಲೆ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) ಅಪೂರ್ಣವೆಂದು ಕಾಣುತ್ತವೆ, ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಹಲವು ಕಾರುಗಳು ಹೇಳುತ್ತವೆ. ಮಾರುವವರು ಎದುರಿಗಿರುವಾಗಲೇ ಆ ಅಂಕಿಯನ್ನು ಓದಿ, ಇಷ್ಟು ಈಚೆಗೆ ಏಕೆ ಅಳಿಸಿದಿರಿ ಎಂದು ಕೇಳಬೇಕು. ಬ್ಯಾಟರಿ ಬಿಚ್ಚಿದರೂ ಮಾನಿಟರುಗಳು ಹೀಗೆಯೇ ಅಪೂರ್ಣವಾಗುವುದರಿಂದ ಉತ್ತರ ಪ್ರಾಮಾಣಿಕವೂ ಆಗಿರಬಹುದು. ಆಗ ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಬಂದು ನೋಡುತ್ತೇನೆಂದು ಹೇಳಿ, ಅಲ್ಲಿಯವರೆಗೆ ಮುಂಗಡ ಕೊಡದಿರುವುದು ಒಳ್ಳೆಯದು.