ಕ್ರೆಟಾ ವೀಲ್ ಬ್ರೆಝಾಗೆ ‘ಕೂತ್ಕೊಳ್ತದೆ’ ಅಂದರೆ ನಂಬಬೇಡಿ

ಮಳೆ ಹಿಡಿಯುವ ಮುಂಚೆ ಟೈರ್ ಬದಲಾಯಿಸಬೇಕು ಅಂತ ಓಡಾಡುತ್ತಿರುವವರು, ಅದರಲ್ಲೂ ಬೇರೆ ಗಾಡಿಯಿಂದ ಬಿಚ್ಚಿದ ಅಲಾಯ್ ವೀಲ್ ಟೈರ್ ಸಮೇತ ಅಗ್ಗಕ್ಕೆ ಸಿಗುತ್ತಿದೆ ಅಂತ ಖುಷಿಯಲ್ಲಿರುವವರು, ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಅಂತಲೇ ಇನ್ನೊಂದು ಸೆಟ್ ವೀಲ್ ಇಟ್ಟುಕೊಳ್ಳುತ್ತಾರೆ. ಕೊಡಗಿನಲ್ಲಿ ಹಿಮ ಇಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ರಸ್ತೆಯ ಗತಿ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ನಮ್ಮ ಭಾವ ತಮ್ಮ ಮಾರುತಿ ಬ್ರೆಝಾಗೆ ಮಳೆಗಾಲದ ಸೆಟ್ ಒಂದು ಬೇಕು ಅಂದದ್ದರಲ್ಲಿ ವಿಶೇಷವೇನಿಲ್ಲ. ಸಿಕ್ಕಿದ್ದು ಹ್ಯುಂಡೈ ಕ್ರೆಟಾದ 17 ಇಂಚಿನ ವೀಲ್, 215/60 ಟೈರ್ ಸಮೇತ. ಎರಡು ಗಾಡಿಗೂ ಐದೈದು ನಟ್, ಪಿಸಿಡಿ, ಅಂದರೆ ನಟ್ ತೂತುಗಳು ಕೂರುವ ವೃತ್ತದ ಅಡ್ಡಳತೆ, ಎರಡಕ್ಕೂ 114.3 ಮಿ.ಮೀ. “ಕಣ್ಣು ಮುಚ್ಚಿ ಹಾಕಿ ಸಾರ್, ಕೂತ್ಕೊಳ್ತದೆ” ಅಂದರು ಅಂಗಡಿಯವರು. ಕೂತಿತು, ನಿಜ. ಹೇಗೆ ಕೂತಿತು ಅನ್ನುವುದನ್ನು ಅವರು ಹೇಳಲಿಲ್ಲ.

ಬ್ರೆಝಾದ ಹಬ್ಬಿನ (ಗಾಡಿಯಲ್ಲಿ ವೀಲ್ ಕೂರುವ ನಡುಭಾಗ) ಮೂತಿ 60.1 ಮಿ.ಮೀ. ಕ್ರೆಟಾ ವೀಲಿನ ನಡುವಿನ ತೂತು 67.1. ಏಳು ಮಿ.ಮೀ. ಸಡಿಲ! ವೀಲನ್ನು ನಡುವಿಗೆ ಹಿಡಿಯಬೇಕಾದ ಹಬ್ಬು ಅದನ್ನು ಮುಟ್ಟುವುದೇ ಇಲ್ಲ, ಎಲ್ಲ ನಟ್ಟಿನ ಮೇಲೆ. ಈ ಸಂದಿ ತುಂಬಿಸಲು ಹಬ್ ರಿಂಗ್ ಅಂತ ಬರುತ್ತದೆ, ದೊಡ್ಡ ಖರ್ಚೂ ಅಲ್ಲ. ಹಾಕಿರಲಿಲ್ಲ. ಉಲ್ಟಾ ಆಗಿದ್ದರೆ, ಅಂದರೆ ಬ್ರೆಝಾ ವೀಲನ್ನು ಕ್ರೆಟಾಗೆ ಹಾಕಹೊರಟಿದ್ದರೆ, ಒಳಗೇ ಹೋಗುತ್ತಿರಲಿಲ್ಲ, ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಎಪ್ಪತ್ತರ ಸ್ಪೀಡಿಗೆ ಸ್ಟಿಯರಿಂಗ್ ನಡುಗಲು ಶುರುವಾಯಿತು. ಭಾವ ಮತ್ತೆ ಅಂಗಡಿಗೆ ಹೋದರು. ಬ್ಯಾಲೆನ್ಸಿಂಗ್ ಮೆಷಿನ್‌ಗೆ ಏರಿಸಿದರೆ ಸೊನ್ನೆ ಸೊನ್ನೆ. “ನೋಡಿ, ವೀಲ್ ಪಕ್ಕಾ ಇದೆ, ರಸ್ತೆ ಸರಿಯಿಲ್ಲ” ಅಂದು ಕಳಿಸಿದರು. ಮೆಷಿನ್ ಸುಳ್ಳು ಹೇಳುವುದಿಲ್ಲ. ಅದು ವೀಲನ್ನು ಅದರದೇ ನಡು ತೂತಿಗೆ ಕೋನ್ ಕೊಟ್ಟು ಹಿಡಿಯುತ್ತದೆ, ಅಲ್ಲಿ ಸೊನ್ನೆ ಬರಲೇಬೇಕು. ವೀಲ್ ಸರಿದು ಕೂತಿರುವುದು ಗಾಡಿಯಲ್ಲಿ. ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗದಿದ್ದರೆ ರಸ್ತೆಯನ್ನು ಬೈಯುವ ಮೊದಲು ಇದನ್ನು ನೋಡಿ.

ಹಿಂದೆ ಮೂವರು ಕೂತು ತಿರುವಿನಲ್ಲಿ ಪೂರ್ತಿ ಸ್ಟಿಯರಿಂಗ್ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್‌ಗೆ ಟೈರ್ ಉಜ್ಜುವ ಸದ್ದು ಬೇರೆ. ಉಜ್ಜದೆ ಏನು ಮಾಡುತ್ತದೆ? ಮೂಲ ಟೈರ್ 215/60 ಆರ್16, ಅಂದರೆ 16 ಇಂಚಿನ ವೀಲಿನದ್ದು, ಎತ್ತರ ಸುಮಾರು 664 ಮಿ.ಮೀ. ಈ 17 ಇಂಚಿನದ್ದು 690. ಒಂದಿಂಚು ಜಾಸ್ತಿ. ಮೀಟರಿನ ಲೆಕ್ಕವೂ ಹತ್ತಿರ ಹತ್ತಿರ ಶೇಕಡಾ 4ರಷ್ಟು ತಪ್ಪುತ್ತದೆ.

ಕೊನೆಗೆ ಅದು ಕೈಕೊಟ್ಟ ದಿನ ಗಾಡಿ ನನ್ನ ಕೈಯಲ್ಲಿತ್ತು. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುತ್ತಿದ್ದೆ, ಜಡಿಮಳೆ. ಮದೆನಾಡು ದಾಟಿದ ಮೇಲೆ ಎಡ ಮುಂಭಾಗದಿಂದ ಟಕಟಕ ಸದ್ದು. ಮೊದಲು ಕಲ್ಲು ಸಿಕ್ಕಿಕೊಂಡಿದೆ ಅಂದುಕೊಂಡೆ. ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತಾಯಿತು. ಜೋಡುಪಾಲದ ಹತ್ತಿರ ಅಗಲ ಜಾಗ ನೋಡಿ ನಿಲ್ಲಿಸಿದೆ. ಎರಡು ನಟ್ ಇಲ್ಲವೇ ಇಲ್ಲ. ಒಂದು ಸ್ಟಡ್ (ನಟ್ ತಿರುಗಿಸುವ ಬೋಲ್ಟು) ತುಂಡಾಗಿದೆ. ಉಳಿದೆರಡು ನಟ್ ಕೈಯಲ್ಲೇ ತಿರುಗುತ್ತಿವೆ. ಬಿಗಿ ಮಾಡೋಣ ಅಂತ ಡಿಕ್ಕಿಯಿಂದ ಗಾಡಿಯ ಸ್ಪ್ಯಾನರ್ ತೆಗೆದರೆ ಅದು ನಟ್ ಮೇಲೆ ಕೂರುವುದೇ ಇಲ್ಲ. ಸ್ಪ್ಯಾನರ್ 19ರದ್ದು, ನಟ್ 21ರದ್ದು. ಒಂದು ಪಿಕಪ್‌ನವರು ನಿಲ್ಲಿಸಿ ಬಗ್ಗಿ ನೋಡಿ, “ಎಂತ ಮಾರಾಯ್ರೆ, ಇದು ಈ ಗಾಡಿಯ ನಟ್ಟೇ ಅಲ್ಲ” ಅಂದರು. ಆ ಕೆಳಗೆ ಇಳಿಜಾರಿನಲ್ಲಿ ವೀಲ್ ಕಳಚಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ನನಗೆ ಈಗಲೂ ಇಷ್ಟವಿಲ್ಲ.

ಪಿಕಪ್‌ನವರು ಹೇಳಿದ್ದೇ ಸರಿ. ಸುಳ್ಯದವರೆಗೆ ಟೋ ಮಾಡಿಸಿ ಬಿಚ್ಚಿಸಿದಾಗ ಗೊತ್ತಾಯಿತು. ವೀಲ್ ಜೊತೆ ಬಂದ ಹೊಳೆಯುವ ನಟ್‌ಗಳನ್ನೇ ಅಂಗಡಿಯವರು ಹಾಕಿದ್ದರು. ಮಾರುತಿಯ ಸ್ಟಡ್ಡಿನ ತ್ರೆಡ್ 12x1.25, ಹ್ಯುಂಡೈ ನಟ್‌ದು 12x1.5. ದಪ್ಪ ಎರಡರದ್ದೂ 12 ಮಿ.ಮೀ., ಆದರೆ ಸುತ್ತಿನಿಂದ ಸುತ್ತಿಗೆ ಇರುವ ಅಂತರ ಬೇರೆ. ಕೈಯಲ್ಲಿ ಒಂದೆರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ಆದರೆ ಗಾಳಿ ಗನ್ ಹಿಡಿದವನಿಗೆ ಅದು ಹೇಗೆ ತಿಳಿಯಬೇಕು, ಸರ್ರಂತ ತ್ರೆಡ್ ಕೊಯ್ದುಕೊಂಡು ಒಳಗೆ ಹೋಗುತ್ತದೆ, ಹೊರಗಿನಿಂದ ನೋಡಿದರೆ ಚೆನ್ನಾಗಿ ಬಿಗಿಯಾಗಿದೆ. ನಾಲ್ಕೂ ಕಡೆಯ ಸ್ಟಡ್ ಬದಲಾಯಿಸಬೇಕಾಯಿತು. ಸ್ಟೆಪ್ನಿ ಇದ್ದೂ ಘಾಟಿಯಲ್ಲಿ ಹಾಕಲಾಗದ್ದು ಇದರಿಂದಲೇ.

ಹಾಕಿಸಲೇಬೇಕಾದರೆ ಎದುರಿಗೆ ನಿಂತು ಪ್ರತಿ ನಟ್ಟನ್ನೂ ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ ಅನ್ನಿ. ಕೊನೆಯವರೆಗೆ ಸಲೀಸಾಗಿ ಹೋಗದಿದ್ದರೆ ಗನ್ ಮುಟ್ಟಲು ಬಿಡಬೇಡಿ. ನಟ್ ಕೂರುವ ಗುಂಡಿಯ ಆಕಾರವನ್ನೂ ನೋಡಿ: ಹೆಚ್ಚಿನವು ಕೋನ್ ತರ, ಹೋಂಡಾದ ಕಂಪೆನಿ ವೀಲ್‌ಗಳಲ್ಲಿ ಗುಂಡಗೆ, ಒಂದರ ನಟ್ ಇನ್ನೊಂದಕ್ಕೆ ಆಗದು. ನೂರು ಕಿಲೋಮೀಟರ್ ಒಳಗೆ ಟಾರ್ಕ್ ವ್ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಸ್ಪ್ಯಾನರ್) ಮತ್ತೆ ಬಿಗಿ ಮಾಡಿಸಿ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ಓದಿ, 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಗಟ್ಟಿಯಾದ ಹಳೇ ರಬ್ಬರಿಗೆ ಮೇಲಿನ ಗೆರೆ ಎಷ್ಟು ಉಳಿದಂತೆ ಕಂಡರೂ ಒದ್ದೆ ರಸ್ತೆಯಲ್ಲಿ ಜಾರುತ್ತದೆ.

ತುಂಬಾ ಜಗಳದ ಮೇಲೆ ಅಂಗಡಿಯವರು ಅರ್ಧ ದುಡ್ಡು ಕೊಟ್ಟು ನಾಲ್ಕೂ ವೀಲ್ ವಾಪಸ್ ಇಟ್ಟುಕೊಂಡರು, ಅಂದರೆ ಅವು ಮತ್ತೆ ಮಾರಾಟಕ್ಕೆ ಬರುತ್ತವೆ. ಅವುಗಳಲ್ಲಿ ಒಂದರ ನಟ್ ತೂತುಗಳು ಸವೆದು ಉದ್ದವಾಗಿವೆ. ಮುಂದಿನಿಂದ ಪಾಲಿಶ್ ಮಾಡಿದರೆ ಕಾಣುವುದಿಲ್ಲ. ವೀಲನ್ನು ಮಗುಚಿ ಹಿಂಬದಿಯಿಂದ ಬೆರಳು ಹಾಕಿ ನೋಡಿ.